ಮೂರು-ನಾಲ್ಕು ವರ್ಷದ ಮಕ್ಕಳಿಗೆ ಕಂಪ್ಯೂಟರ್ ಗೇಮ್: ಯಾವ್ದು ಹಾಕ್ಕೊಡೋದು, ಯಾವ್ದು ಬೇಡ

ಹೋದ ತಿಂಗಳು ಶಿವಮೊಗ್ಗದಿಂದ ನನ್ ತಂಗಿ ಫೋನ್ ಮಾಡಿ "ಅಣ್ಣ, ನಿನ್ ಅಳಿಯಂಗೆ ನಮ್ ಹಳೇ ಲ್ಯಾಪ್‌ಟಾಪಲ್ಲಿ ಯಾವ್ದಾದ್ರೂ ಒಳ್ಳೇ ಗೇಮ್ ಹಾಕ್ಕೊಡೋ, ನನ್ ಫೋನ್ ನನ್ ಕೈಗೇ ಸಿಗ್ತಿಲ್ಲ" ಅಂದ್ಳು. ಅಳಿಯಂದಿರಿಗೆ ಈಗ ಮೂರು ವರ್ಷ ತುಂಬಿ ಎರಡು ತಿಂಗಳು. ನನ್ ಮಗಳಿಗೆ ನಾಲ್ಕೂವರೆ, ಎಲ್‌ಕೆಜಿ. ಇವಳಿಗೋಸ್ಕರ ಒಂದೂವರೆ ವರ್ಷದಲ್ಲಿ ಏನಿಲ್ಲಾಂದ್ರೂ ಇಪ್ಪತ್ತು ಗೇಮ್ ಹಾಕಿದೀನಿ, ಹದಿನೈದು ತೆಗೆದೆಸ್ದಿದೀನಿ. ಅದನ್ನೆಲ್ಲ ಸೇರ್ಸಿ ತಂಗಿಗೆ ಒಂದು ವಾಯ್ಸ್ ಮೆಸೇಜ್ ಕಳ್ಸಿದ್ರೆ "ಹನ್ನೊಂದು ನಿಮಿಷ ಯಾರ್ ಕೇಳ್ತಾರೆ, ಬರ್ದು ಕಳ್ಸು" ಅಂದ್ಳು. ಅದಕ್ಕೇ ಇದು. ಬೇರೆ ಅಪ್ಪ ಅಮ್ಮಂದಿರಿಗೂ ಆಗತ್ತೆ ಅಂತ ಸ್ವಲ್ಪ ಬಿಡಿಸಿ ಬರೀತಿದೀನಿ.

ಮೊದ್ಲೇ ಹೇಳ್ಬಿಡ್ತೀನಿ, ನಾನು ಗೇಮ್ ಆರಿಸೋದು "ಏನು ಕಲಿಸತ್ತೆ" ಅಂತ ನೋಡಿ ಅಲ್ಲ. ಶುರುನಲ್ಲಿ ಹಾಗೇ ನೋಡ್ತಿದ್ದೆ, ಎಜುಕೇಶನಲ್ ಅಂತ ಎಲ್ಲಿ ಬರ್ದಿದ್ರೂ ಡೌನ್‌ಲೋಡು. ಈಗ ನೋಡೋದು ಒಂದೇ, ಆ ಗೇಮಲ್ಲಿ ನಿಲ್ಲೋಕೆ ಜಾಗ ಇದ್ಯಾ ಅಂತ. ಚಿತ್ರ ಬರ್ದು ಮುಗೀತು, ಕಳ್ದುಹೋಗಿದ್ದ ಮರಿ ಸಿಕ್ತು, ಪಜಲ್ ಜೋಡ್ಸಿ ಆಯ್ತು, ಅಂಥ ಹೊತ್ತಲ್ಲಿ "ಬಾ ಪುಟ್ಟಿ, ಊಟ" ಅಂದ್ರೆ ಎದ್ದು ಬರ್ತಾಳೆ, ಗೊಣಗ್ತಾ ಆದ್ರೂ ಬರ್ತಾಳೆ. ಒಂದು ಬಲೂನ್ ಒಡೆದ್ರೆ ಇನ್ನೆರಡು ಮೇಲೆ ಬರೋ ಗೇಮಲ್ಲಿ ಆ ಹೊತ್ತೇ ಬರಲ್ಲ, ಯಾವಾಗ ಆಫ್ ಮಾಡಿದ್ರೂ ತಟ್ಟೆಯಿಂದ ಅನ್ನ ಕಿತ್ಕೊಂಡ ಹಾಗೆ, ಆಮೇಲೆ ಅರ್ಧ ಗಂಟೆ ನೆಲದ ಮೇಲೆ ಉರುಳಾಟ. ಆ ಉರುಳಾಟಕ್ಕೆ ನಾವು ಮಗುನ ಬೈತಿದ್ವಿ, "ಹಠಮಾರಿ ಆಗೋಗಿದಾಳೆ" ಅಂತ. ಗೇಮ್ ಬದಲಾಯಿಸಿದ ಮೇಲೆ ಗೊತ್ತಾಯ್ತು ಹಠ ಯಾರ್ದು ಅಂತ.

ಟೈಮ್ ವಿಷಯ ಚಿಕ್ಕದಾಗಿ ಮುಗಿಸ್ತೀನಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋದು, ಎರಡರಿಂದ ನಾಲ್ಕು ವರ್ಷದ ಮಕ್ಕಳು ಕೂತು ಸ್ಕ್ರೀನ್ ನೋಡೋದು ದಿನಕ್ಕೆ 1 ಗಂಟೆ ಮೀರಬಾರ್ದು, ಕಮ್ಮಿ ಆದಷ್ಟೂ ಒಳ್ಳೇದು. ನಮ್ಮ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನವ್ರೂ ಎರಡರಿಂದ ಐದು ವರ್ಷಕ್ಕೆ ಅದೇ 1 ಗಂಟೆ ಅಂತಾರೆ, ಅದೂ ದೊಡ್ಡವರು ಪಕ್ಕದಲ್ಲಿದ್ದು. ಇದು ಟಿವಿ, ಫೋನ್, ಲ್ಯಾಪ್‌ಟಾಪ್ ಎಲ್ಲಾ ಸೇರಿ, ನೆನಪಿರ್ಲಿ. ನಮ್ಮನೇಲಿ ಅಜ್ಜಿ ಜೊತೆ ಸಂಜೆ ಧಾರಾವಾಹಿಗೆ ಅರ್ಧ ಗಂಟೆ ಹೋಗ್ಬಿಡತ್ತೆ, ಹಾಗಾಗಿ ಗೇಮ್‌ಗೆ ಉಳಿಯೋದು ಇಪ್ಪತ್ತು ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಮುಗಿಯೋ ಅಂಥ ಆಟ ಬೇಕು, ಅಷ್ಟೇ ಲೆಕ್ಕ.

ಇನ್ನೊಂದು, ಪ್ಲೇ ಸ್ಟೋರಲ್ಲಿ "3+" ಅಂತ ಇರತ್ತಲ್ಲ, ಅದನ್ನ ನೋಡಿ ಮೂರು ವರ್ಷದವರಿಗೆ ಮಾಡಿದ ಗೇಮ್ ಅಂದ್ಕೊಂಡು ಮೋಸ ಹೋಗ್ಬೇಡಿ, ನಾನು ಹೋಗಿದೀನಿ. ಆ ನಂಬರ್ ಹೇಳೋದು ಇದ್ರಲ್ಲಿ ಹೊಡೆದಾಟ, ರಕ್ತ, ಕೆಟ್ಟ ಮಾತು ಇಲ್ಲ ಅಂತ ಮಾತ್ರ. ಯುರೋಪಿನ ಪೆಗಿ 3 ಅನ್ನೋ ಗುರುತೂ ಅದೇ ಥರ. ಚೆಸ್ ಗೇಮ್‌ಗೂ 3+ ಸಿಗತ್ತೆ, ನಿಮ್ ಮಗು ಮೂರನೇ ವರ್ಷಕ್ಕೆ ಚೆಸ್ ಆಡತ್ತಾ? ಅಮೆರಿಕದಲ್ಲಿ ಗೇಮ್‌ಗಳಿಗೆ ವಯಸ್ಸಿನ ಗುರುತು ಕೊಡೋ ಇಎಸ್‌ಆರ್‌ಬಿಯವರು ಪುಟ್ಟ ಮಕ್ಕಳಿಗೆ ಅಂತ್ಲೇ "ಅರ್ಲಿ ಚೈಲ್ಡ್‌ಹುಡ್" ಅನ್ನೋ ಬೇರೆ ಗುರುತು ಇಟ್ಟಿದ್ರು, ಅದನ್ನೂ 2018ರಲ್ಲಿ ಕೈಬಿಟ್ರು. ಹಾಗಾಗಿ ಆ ನಂಬರ್ ಮೇಲೆ ಭಾರ ಹಾಕೋಹಾಗಿಲ್ಲ, ನಾವೇ ಹತ್ತು ನಿಮಿಷ ಆಡಿ ನೋಡ್ಬೇಕು.

ಟ್ಯಾಬ್ ಮೇಲಾ, ಲ್ಯಾಪ್‌ಟಾಪ್ ಮೇಲಾ

ಸುಲಭ ಅಂದ್ರೆ ಟ್ಯಾಬ್. ಬೆರಳಿಟ್ರೆ ಆಯ್ತು, ಕಲಿಸೋದೇನಿಲ್ಲ. ಲ್ಯಾಪ್‌ಟಾಪಲ್ಲಿ ಮೌಸ್ ಹಿಡಿಯೋದು ಕಲೀಬೇಕು, ಅದು ನಾವಂದ್ಕೊಂಡಷ್ಟು ಸಣ್ಣ ಕೆಲ್ಸ ಅಲ್ಲ. ನನ್ ಮಗಳು ಮೊದಲನೇ ದಿನ ಬಾಣದ ಗುರುತನ್ನ ಮೇಲೆ ತಗೊಂಡ್ಹೋಗು ಅಂದ್ರೆ ಮೌಸನ್ನ ಟೇಬಲ್ಲಿಂದ ಎತ್ತಿ ಗಾಳೀಲಿ ಹಿಡ್ಕೊಂಡು ಸ್ಕ್ರೀನ್ ಕಡೆ ನೋಡ್ತಾ ನಿಂತ್ಬಿಟ್ಳು. ಸರಿ ತಾನೇ, ಮೇಲೆ ಅಂದ್ರೆ ಮೇಲೆ. ನಾವು ಮುಂದಕ್ಕೆ ತಳ್ಳೋದನ್ನ ಮೇಲೆ ಅಂತೀವಿ, ಅವಳಿಗೇನ್ ಗೊತ್ತು. ಒಂದು ವಾರ ಬೇಕಾಯ್ತು. ಆದ್ರೂ ನಾನು ಲ್ಯಾಪ್‌ಟಾಪ್ ಕಡೆನೇ, ಯಾಕಂದ್ರೆ ಅದನ್ನ ಎತ್ಕೊಂಡು ಹಾಸಿಗೆಗೆ ಹೋಗಕ್ಕಾಗಲ್ಲ, ಊಟದ ತಟ್ಟೆ ಮುಂದೆ ಇಟ್ಕೊಳ್ಳಕ್ಕಾಗಲ್ಲ, ಟೇಬಲ್ ಹತ್ರ ಬಂದು ಕೂತ್ರೆ ಆಟ, ಎದ್ರೆ ಮುಗೀತು. ಸ್ಕ್ರೀನೂ ದೊಡ್ಡದು, ಅದರ ಮುಂದೆ ಇಬ್ರು ಕೂರಬಹುದು.

ಮೌಸ್ ತಗೊಳೋದಾದ್ರೆ ಚಿಕ್ಕದು ತಗೊಳ್ಳಿ, ವೈರ್ ಇರೋದೇ ಸಾಕು. ಸೆಟ್ಟಿಂಗ್ಸಲ್ಲಿ ಪಾಯಿಂಟರ್ ಸ್ಪೀಡ್ ಇಳಿಸಿ, ಪಾಯಿಂಟರ್ ಸೈಜ್ ದೊಡ್ಡದು ಮಾಡಿ. ಎಡಗಡೆ ಬಟನ್ ಮೇಲೆ ನಾನು ಹೆಂಡ್ತಿ ಹತ್ರ ಒಂದು ಕೆಂಪು ಸ್ಟಿಕ್ಕರ್ ಬಿಂದಿ ಇಸ್ಕೊಂಡು ಅಂಟಿಸಿದೀನಿ, "ಬಿಂದಿ ಒತ್ತು" ಅಂದ್ರೆ ಸಾಕು, ಎಡ ಬಲ ಪಾಠ ಬೇಕಿಲ್ಲ. ಇನ್ನೊಂದು ಗಮನಿಸಿ, ಈ ವಯಸ್ಸಿಗೆ ಒಂದು ಕ್ಲಿಕ್ ಬರತ್ತೆ, ಡಬಲ್ ಕ್ಲಿಕ್ ಕಷ್ಟ, ಬಟನ್ ಒತ್ತಿ ಹಿಡ್ಕೊಂಡು ಎಳೆಯೋದು ಇನ್ನೂ ಕಷ್ಟ, ಮಧ್ಯದಲ್ಲಿ ಬೆರಳು ಬಿಟ್ಟೇ ಬಿಡ್ತಾರೆ. ಎಳೆದು ಜೋಡ್ಸೋ ಪಜಲ್‌ಗಳೇ ಇರೋ ಗೇಮ್ ಆದ್ರೆ ಮೂರು ವರ್ಷಕ್ಕೆ ಬೇಡ, ಟ್ಯಾಬಲ್ಲಾದ್ರೆ ಪರವಾಗಿಲ್ಲ.

ಈಗ ಒಂದೊಂದಾಗಿ

ಎಲ್ಲಕ್ಕಿಂತ ಕಮ್ಮಿ ವಯಸ್ಸಿಗೆ ಅಂದ್ರೆ ಬೇಬಿಸ್ಮ್ಯಾಶ್. ವಿಂಡೋಸ್‌ಗೆ ಫ್ರೀ, ಸ್ಕಾಟ್ ಹ್ಯಾನ್ಸೆಲ್ಮನ್ ಅನ್ನೋ ಪ್ರೋಗ್ರಾಮರ್ ತಮ್ಮ ಮಗುಗೋಸ್ಕರ ಮಾಡಿದ್ದು. ಕೀಬೋರ್ಡ್ ಮೇಲೆ ಎರಡೂ ಕೈಲಿ ಬಡಿದ್ರೆ ಸ್ಕ್ರೀನ್ ತುಂಬ ಬಣ್ಣಬಣ್ಣದ ಅಕ್ಷರ, ಆಕಾರ, ಜೊತೆಗೆ ಸದ್ದು. ಅಷ್ಟೇ ಆಟ. ವಿಂಡೋಸ್ ಬಟನ್ ಒತ್ತಿದ್ರೂ ಹೊರಗೆ ಹೋಗಲ್ಲ, ಹೊರಗೆ ಬರೋಕೆ ಆಲ್ಟ್ ಮತ್ತು ಎಫ್4. ಎರಡು, ಎರಡೂವರೆ ವರ್ಷಕ್ಕೆ ಭಾರಿ ಖುಷಿ, ಮೂರೂವರೆಗೆ ಬೋರು. ಕೀಬೋರ್ಡ್ ಹೋಗ್ಬಾರ್ದು ಅಂದ್ರೆ ಹಳೇ ಯುಎಸ್‌ಬಿ ಕೀಬೋರ್ಡ್ ಒಂದು ಚುಚ್ಚಿ ಕೊಡಿ.

ಇನ್ನು ಟಕ್ಸ್ ಪೇಂಟ್. ಇದ್ರ ಬಗ್ಗೆ ಉದ್ದ ಬರೀತೀನಿ, ಬೇಜಾರ್ ಮಾಡ್ಕೋಬೇಡಿ. 2002ರಲ್ಲಿ ಬಿಲ್ ಕೆಂಡ್ರಿಕ್ ಅನ್ನೋರು ಶುರು ಮಾಡಿದ್ದು, ಮೂರರಿಂದ ಹನ್ನೆರಡು ವರ್ಷದ ಮಕ್ಕಳಿಗೆ, ಪೂರ್ತಿ ಫ್ರೀ, ಆ್ಯಡ್ ಇಲ್ಲ, ಲಾಗಿನ್ ಇಲ್ಲ, ನೆಟ್ ಕೂಡ ಬೇಡ. ನನ್ನ ಹತ್ತು ವರ್ಷದ ಹಳೇ 4 ಜಿಬಿ ಲ್ಯಾಪ್‌ಟಾಪಲ್ಲಿ ಬೆಣ್ಣೆ ಥರ ಓಡತ್ತೆ. ಚಿತ್ರ ಬಿಡಿಸೋ ಸಾಫ್ಟ್‌ವೇರ್ ಇದು, ಗೇಮ್ ಅಲ್ವಲ್ಲ ಅನ್ಬೇಡಿ, ಮಗುಗೆ ಆ ವ್ಯತ್ಯಾಸ ಇಲ್ಲ. ಕುಂಚ ಎಳೆದ್ರೆ ಸದ್ದು, ಮುದ್ರೆ ಒತ್ತಿದ್ರೆ ಸದ್ದು, ಕೆಳಗಡೆ ಪೆಂಗ್ವಿನ್ ಒಂದು ಕೂತಿರತ್ತೆ. ಮ್ಯಾಜಿಕ್ ಅಂತ ಒಂದು ಬಟನ್ ಇದೆ, ಅದ್ರಲ್ಲಿ ಕಾಮನಬಿಲ್ಲು, ಹುಲ್ಲು, ಇಟ್ಟಿಗೆ ಎಲ್ಲಾ ಇದೆ, ಮೌಸ್ ಎಳೆದ ಕಡೆಯೆಲ್ಲಾ ಹುಲ್ಲು ಬೆಳೆಯತ್ತೆ, ಇಟ್ಟಿಗೆ ಕಟ್ಕೊಂಡ್ ಹೋಗತ್ತೆ. ನನ್ ಮಗಳು ಒಂದಿನ ಪೂರ್ತಿ ಇಪ್ಪತ್ತು ನಿಮಿಷ ಇಟ್ಟಿಗೆನೇ ಹಾಕಿದ್ಳು, ಸ್ಕ್ರೀನಲ್ಲಿ ಒಂದು ಚೂರು ಬಿಳಿ ಉಳೀಲಿಲ್ಲ. ಏನಮ್ಮ ಇದು ಅಂದ್ರೆ "ತಾತನ ಮನೆ ಕಾಂಪೌಂಡು." ತಾತ ಎಲ್ಲಿ? "ಒಳಗಡೆ." ಇದಕ್ಕಿಂತ ಏನ್ ಬೇಕು ಹೇಳಿ, ಯಾವ ಎಬಿಸಿಡಿ ಗೇಮೂ ನನಗೆ ಈ ಉತ್ತರ ಕೊಡಿಸಿಲ್ಲ.

ಟಕ್ಸ್ ಪೇಂಟ್ ಹಾಕೋವಾಗ ಎರಡು ವಿಷಯ. ವಿಂಡೋಸಲ್ಲಿ ಪ್ರಾಣಿ, ಹಣ್ಣು, ಗಾಡಿಗಳ ಮುದ್ರೆಗಳು ಬೇರೆ ಫೈಲಾಗಿ ಬರತ್ತೆ, ಸ್ಟ್ಯಾಂಪ್ಸ್ ಅಂತ, ಅದನ್ನೂ ಮರೀದೆ ಹಾಕಿ, ಇಲ್ಲಾಂದ್ರೆ ಅರ್ಧ ಮಜಾ ಹೋಯ್ತು. ಆಮೇಲೆ ಟಕ್ಸ್ ಪೇಂಟ್ ಕಾನ್ಫಿಗ್ ಅಂತ ಒಂದು ಪ್ರತ್ಯೇಕ ಪ್ರೋಗ್ರಾಂ ಇದೆ, ಅದ್ರಲ್ಲಿ ಫುಲ್‌ಸ್ಕ್ರೀನ್ ಹಾಕಿ, ಪ್ರಿಂಟ್ ಬಟನ್ ತೆಗೀರಿ, ಬೇಕಿದ್ರೆ ಹೊರಗೆ ಹೋಗೋ ಬಟನ್ನೂ ತೆಗೀಬಹುದು. ಭಾಷೆ ಆರಿಸೋ ಕಡೆ ಕನ್ನಡನೂ ಇದೆ, ಮಗುಗೆ ಓದೋಕೆ ಬರಲ್ಲ ನಿಜ, ಆದ್ರೆ ನಮ್ಮಮ್ಮ ಮೊಮ್ಮಗಳ ಪಕ್ಕ ಕೂತು ಬಟನ್ ಹೆಸರು ಓದಿ ಹೇಳ್ತಾರೆ, ಇಂಗ್ಲಿಷ್ ಆಗಿದ್ರೆ ಅವರು ಆ ಕಡೆ ತಲೆನೂ ಹಾಕ್ತಿರ್ಲಿಲ್ಲ.

ಮುಂದಿನದು ಜಿಕೊಂಪ್ರಿ. ಹೆಸರು ವಿಚಿತ್ರ, ಫ್ರೆಂಚಲ್ಲಿ "ನನಗೆ ಅರ್ಥ ಆಯ್ತು" ಅನ್ನೋ ಮಾತನ್ನ ತಿರುಚಿ ಇಟ್ಟಿದ್ದು. 2000ನೇ ಇಸವೀಲಿ ಬ್ರೂನೋ ಕುಡ್ವಾ ಅನ್ನೋ ಫ್ರೆಂಚ್ ಎಂಜಿನಿಯರ್ ಶುರು ಮಾಡಿದ್ರು, ಈಗ ಫ್ರೀ ಸಾಫ್ಟ್‌ವೇರ್ ಮಾಡೋ ಕೆಡಿಇ ಅನ್ನೋ ಗುಂಪಿನವರು ನಡೆಸ್ತಿದಾರೆ. ಎರಡರಿಂದ ಹತ್ತು ವರ್ಷದವರೆಗೆ ಅಂತ ಮಾಡಿರೋದು, ನೂರಕ್ಕಿಂತ ಹೆಚ್ಚು ಆಟ ಒಂದೇ ಡಬ್ಬೀಲಿ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಲ್ಲದರಲ್ಲೂ ಇದೆ. ಮುಂಚೆ ಕೆಲವು ಕಡೆ ಪೂರ್ತಿ ಆಟಗಳಿಗೆ ದುಡ್ಡು ಕೊಡ್ಬೇಕಿತ್ತು, 2020ರಲ್ಲಿ ಇಪ್ಪತ್ತು ವರ್ಷ ತುಂಬಿದಾಗ 1.0 ಅನ್ನೋ ಆವೃತ್ತಿ ಹೊರಗೆ ತಂದು ಎಲ್ಲಾ ಕಡೆ ಫ್ರೀ ಮಾಡಿದ್ರು.

ಇದ್ರಲ್ಲಿ ನನಗೆ ಇಷ್ಟ ಆಗಿದ್ದು ಮೌಸ್ ಕಲಿಸೋ ರೀತಿ. ಒಂದು ಆಟದಲ್ಲಿ ಸ್ಕ್ರೀನ್ ಮುಚ್ಚಿರೋ ಚೌಕಗಳ ಮೇಲೆ ಮೌಸ್ ಸುಮ್ನೆ ಆಡಿಸಿದ್ರೆ ಅವು ಅಳಿಸ್ಕೊಂಡು ಹಿಂದಿನ ಫೋಟೋ ಕಾಣತ್ತೆ. ಅದೇ ಆಟದ ಮುಂದಿನ ರೂಪದಲ್ಲಿ ಕ್ಲಿಕ್ ಮಾಡಿದ್ರೆ ಮಾತ್ರ ಅಳಿಸೋದು, ಅದರ ಮುಂದಿನದ್ರಲ್ಲಿ ಡಬಲ್ ಕ್ಲಿಕ್. ಮೀನಿನ ತೊಟ್ಟಿ ಒಂದಿದೆ, ಈಜ್ತಾ ಹೋಗೋ ಮೀನನ್ನ ಕ್ಲಿಕ್ ಮಾಡಿ ಹಿಡೀಬೇಕು. ಫೋಟೋ ಪೂರ್ತಿ ಕಂಡ್ರೆ ಮುಗೀತು, ಮೀನೆಲ್ಲಾ ಸಿಕ್ರೆ ಮುಗೀತು, ನಾನು ಹೇಳಿದ ನಿಲ್ಲೋ ಜಾಗ ಪ್ರತಿ ಎರಡು ನಿಮಿಷಕ್ಕೆ ಸಿಗತ್ತೆ. ತೊಂದರೆ ಏನಂದ್ರೆ ಆಟಗಳು ಜಾಸ್ತಿ ಆದವು, ಸುಡೋಕು, ಚೆಸ್ ತನಕ ಇದೆ, ಮಗು ಯಾವ್ದೋ ಒತ್ತಿ ಎಲ್ಲೋ ಸಿಕ್ಕಾಕ್ಕೊಂಡು ಅಪ್ಪಾ ಅನ್ನತ್ತೆ. ಸೆಟ್ಟಿಂಗ್ಸಲ್ಲಿ ಕಷ್ಟದ ಮಟ್ಟ ನಕ್ಷತ್ರದ ಲೆಕ್ಕದಲ್ಲಿರತ್ತೆ, ಒಂದು ಎರಡಕ್ಕೆ ಇಳಿಸಿಬಿಡಿ, ಪಟ್ಟಿ ಸಣ್ಣದಾಗತ್ತೆ. ಚಿತ್ರಗಳು ಸ್ವಲ್ಪ ಹಳೇಕಾಲದ ಥರ, ಯೂಟ್ಯೂಬಿನ ಹೊಳಪು ನೋಡಿ ಅಭ್ಯಾಸ ಆದ ಮಗು ಮೊದಲ ದಿನ ಮೂಗು ಮುರೀಬಹುದು. ಎರಡನೇ ದಿನಕ್ಕೆ ಸರಿಹೋಗತ್ತೆ.

ಕಥೆ ಬೇಕು ಅನ್ನೋ ಮಗುಗೆ ಪಟ್-ಪಟ್. ನೇರಳೆ ಬಣ್ಣದ ಒಂದು ಮಾತಾಡೋ ಕಾರು. ರಾನ್ ಗಿಲ್ಬರ್ಟ್, ಶೆಲ್ಲಿ ಡೇ ಸೇರಿ 1992ರಲ್ಲಿ ಕಟ್ಟಿದ ಹ್ಯೂಮಂಗಸ್ ಕಂಪನಿಯ ಗೇಮುಗಳು ಇವು, ಈಗ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಸಿಗತ್ತೆ, ಒಂದು ಸಲ ದುಡ್ಡು ಕೊಟ್ರೆ ಮುಗೀತು. ನಾವು ಆಡಿದ್ದು 1995ರ ಝೂ ಕಥೆ, ಝೂ ಶುರುವಾಗೋ ದಿನವೇ ಆರು ಮರಿಗಳು ಕಾಣಿಸ್ತಿಲ್ಲ, ಹುಡುಕಿ ತರಬೇಕು. ಇದ್ರಲ್ಲಿ ಸಾಯೋದಿಲ್ಲ, ಸೋಲೋದಿಲ್ಲ, ಗಡಿಯಾರ ಓಡಲ್ಲ. ಮರ, ಕಲ್ಲು, ಬೋರ್ಡು ಎಲ್ಲಿ ಕ್ಲಿಕ್ ಮಾಡಿದ್ರೂ ಏನೋ ಒಂದು ತಮಾಷೆ ಆಗತ್ತೆ, ಮಗಳು ಕಥೆ ಬಿಟ್ಟು ಒಂದು ಪೊದೆ ಮೇಲೇ ಹದಿನೈದು ಸಲ ಕ್ಲಿಕ್ ಮಾಡಿ ನಕ್ಕಿದ್ದೂ ಇದೆ. ದಿನಕ್ಕೊಂದು ಮರಿ ಅಂತ ಒಪ್ಪಂದ ಮಾಡ್ಕೊಂಡ್ವಿ, ಮರಿ ಸಿಕ್ತು ಅಂದ್ರೆ ಲ್ಯಾಪ್‌ಟಾಪ್ ಮುಚ್ಚೋದು. ಆರು ದಿನದ ಬದಲು ಒಂಬತ್ತು ದಿನ ಆಯ್ತು, ಆದ್ರೆ ಒಂದಿನಾನೂ ಅಳಲಿಲ್ಲ. ಮೈನಸ್ ಅಂದ್ರೆ ಮಾತೆಲ್ಲಾ ಇಂಗ್ಲಿಷು, ಅದೂ ಅಮೆರಿಕನ್ ಇಂಗ್ಲಿಷು, ಪಕ್ಕದಲ್ಲಿ ಕೂತು "ಆನೆಮರಿ ಎಲ್ಲೋಯ್ತು ಅಂತ ಕೇಳ್ತಿದೆ" ಅಂತ ಹೇಳ್ತಾ ಇರ್ಬೇಕು. ಒಬ್ಬಳನ್ನೇ ಕೂರಿಸಿ ನೀವು ಅಡುಗೆ ಮನೆಗೆ ಹೋಗೋ ಗೇಮ್ ಅಲ್ಲ ಇದು. ನಾಲ್ಕು ವರ್ಷದ ಮೇಲೇ ಸರಿ.

ಟ್ಯಾಬ್ ಇರೋರಿಗೆ ಖಾನ್ ಅಕಾಡೆಮಿ ಕಿಡ್ಸ್. 2018ರಲ್ಲಿ ಬಂದಿದ್ದು, ಎರಡರಿಂದ ಎಂಟು ವರ್ಷಕ್ಕೆ, ಫ್ರೀ, ಆ್ಯಡ್ ಇಲ್ಲ, ಸಬ್‌ಸ್ಕ್ರಿಪ್ಶನ್ ಇಲ್ಲ. ಕೋಡಿ ಅನ್ನೋ ಕರಡಿ ಮಾತಾಡಿಸತ್ತೆ. ಕೆಲಸ ಬಹಳ ನೀಟು, ಇಷ್ಟು ಚೆನ್ನಾಗಿರೋದನ್ನ ಫ್ರೀ ಕೊಡ್ತಿರೋದಕ್ಕೆ ಕೈ ಮುಗೀಬೇಕು. ಆದ್ರೆ ಇದು ಹೆಚ್ಚಾಗಿ ಪಾಠ, ಆಟದ ವೇಷದಲ್ಲಿ. ಒಂದು ಮುಗಿದ್ರೆ ಮುಂದಿನದು ರೆಡಿ, ಜೊತೆಗೆ ಬಹುಮಾನ ಬೇರೆ, ಹಾಗಾಗಿ ನಿಲ್ಲಿಸೋಕೆ ನಾವೇ ಜಾಗ ಮಾಡ್ಬೇಕು. ನಾನು ಆ್ಯಪ್ ಒಳಗಿನ ಲೈಬ್ರರಿಗೆ ಹೋಗಿ ಒಂದು ಪುಸ್ತಕ, ಒಂದು ಆಟ ಅಂತ ಕೈಯಾರೆ ಆರಿಸಿ ಕೊಡ್ತೀನಿ. ಟ್ಯಾಬಲ್ಲೇ ಸಾಗೋ ಮಿನಿ, ಟೋಕಾ ಬೋಕಾದವರ ಆಟಗಳೂ ಇವೆ, ಪಾಯಿಂಟು ಸ್ಕೋರು ಇಲ್ಲದೆ ಗೊಂಬೆ ಆಟದ ಹಾಗೆ ಆಡೋದು, ಚೆನ್ನಾಗಿವೆ, ಆದ್ರೆ ಹೆಚ್ಚಿನವಕ್ಕೆ ದುಡ್ಡು. ತಿಂಗಳು ತಿಂಗಳು ಕಟ್ ಆಗೋ ಸಬ್‌ಸ್ಕ್ರಿಪ್ಶನ್ ಈ ವಯಸ್ಸಿಗೆ ನನಗೆ ಮನಸ್ಸು ಬರಲ್ಲ, ಮೂರು ವಾರಕ್ಕೆ ಬೇಜಾರಾಗೋ ವಸ್ತುಗೆ ಯಾಕೆ. ದೊಡ್ಡಪ್ಪನ ಮಕ್ಕಳು ಮೈನ್‌ಕ್ರಾಫ್ಟ್ ಹಾಕು ಅಂತಿರ್ತಾರೆ, ಅದಕ್ಕಿನ್ನೂ ಟೈಮಿದೆ.

ಆಮೇಲೆ ಪ್ಲೇ ಸ್ಟೋರಲ್ಲಿ "ಕಿಡ್ಸ್ ಗೇಮ್ಸ್" ಅಂತ ಹುಡುಕಿದ್ರೆ ಬರೋ ಫ್ರೀ ರಾಶಿ. ಬಲೂನ್ ಒಡೆಯೋದು, ಡಾಕ್ಟರ್ ಆಟ, ಬಣ್ಣ ತುಂಬೋದು. ಅದ್ರಲ್ಲೂ ಒಳ್ಳೇದಿರಬಹುದು, ನಾನು ಹಾಕಿದ ಒಂದು ಬಲೂನ್ ಗೇಮ್ ಕಥೆ ಮಾತ್ರ ಹೇಳ್ತೀನಿ. ಎರಡು ಬಲೂನ್ ಗುಂಪಿಗೆ ಒಂದು ಆ್ಯಡ್, ಮುಚ್ಚೋ ಗುರುತು ಎಳ್ಳಿನ ಕಾಳಷ್ಟು, ಅದೂ ಐದು ಸೆಕೆಂಡ್ ಆದ್ಮೇಲೆ ಬರೋದು. ಮಗು ಆ್ಯಡನ್ನೂ ಬಲೂನ್ ಅಂದ್ಕೊಂಡು ಬಡಿಯತ್ತೆ, ಬಡಿದ್ರೆ ಪ್ಲೇ ಸ್ಟೋರ್ ತೆರ್ಕೊಳತ್ತೆ. ಒಂದು ಭಾನುವಾರ ಫೋನ್ ನೋಡಿದ್ರೆ ನಾನು ಹಾಕದೇ ಇರೋ ಏಳು ಆ್ಯಪ್ ಬಂದು ಕೂತಿತ್ತು, ಅದ್ರಲ್ಲೊಂದು ರಮ್ಮಿ. ದುಡ್ಡು ಹೋಗ್ಲಿಲ್ಲ, ಪುಣ್ಯ. ಗೇಮ್ ಒಳಗಿನ ಖರೀದಿ ಹಳೇ ಕಾಯಿಲೆ, ಮಕ್ಕಳು ಅಪ್ಪ ಅಮ್ಮನಿಗೆ ಗೊತ್ತಿಲ್ದೆ ಒತ್ತಿ ದುಡ್ಡು ಹೋಗಿದ್ದಕ್ಕೆ ಗ್ರಾಹಕರ ಹಿತ ಕಾಯೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2014ರಲ್ಲಿ ಆಪಲ್ ಕಡೆಯಿಂದ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್ ಕಡೆಯಿಂದ ಕನಿಷ್ಠ 1.9 ಕೋಟಿ ಡಾಲರ್ ಜನಕ್ಕೆ ವಾಪಸ್ ಕೊಡಿಸಿತ್ತು. ಪ್ಲೇ ಸ್ಟೋರ್ ಸೆಟ್ಟಿಂಗ್ಸಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿ, ಆಂಡ್ರಾಯ್ಡಲ್ಲಿ ಆ್ಯಪ್ ಪಿನ್ ಮಾಡೋದು, ಐಪ್ಯಾಡಲ್ಲಿ ಗೈಡೆಡ್ ಆ್ಯಕ್ಸೆಸ್ ಕಲ್ತ್ಕೊಳ್ಳಿ, ಮಗು ಆ ಒಂದು ಆ್ಯಪ್ ಬಿಟ್ಟು ಹೊರಗೆ ಹೋಗಲ್ಲ. ಫ್ರೀ ಗೇಮ್ ಹಾಕಲೇಬೇಕು ಅಂದ್ರೆ ನೆಟ್ ಆಫ್ ಮಾಡಿ ಆಡ್ಸಿ ನೋಡಿ. ನೆಟ್ ಇಲ್ಲದೆ ಓಡಲ್ಲ ಅಂತ ಹಠ ಮಾಡೋ ಬಲೂನ್ ಗೇಮ್ ಯಾರಿಗೋಸ್ಕರ ಮಾಡಿದ್ದು ಅಂತ ಅಲ್ಲೇ ಗೊತ್ತಾಗತ್ತೆ.

ಬ್ರೌಸರಲ್ಲೇ ಆಡೋ ಗೇಮ್‌ಗಳ ಹಳೇ ಪಟ್ಟಿಗಳು ಯಾರಾದ್ರೂ ಕಳ್ಸಿದ್ರೆ ಟೈಮ್ ವೇಸ್ಟ್ ಮಾಡ್ಬೇಡಿ, ಅವನ್ನ ಓಡಿಸ್ತಿದ್ದ ಅಡೋಬಿ ಫ್ಲ್ಯಾಶ್ ಅನ್ನೋ ಸಾಫ್ಟ್‌ವೇರ್ 2020ರ ಡಿಸೆಂಬರ್ 31ಕ್ಕೆ ನಿಂತ ಮೇಲೆ ಅದ್ರಲ್ಲಿ ಎಷ್ಟೋ ತೆರೆಯೋದೇ ಇಲ್ಲ.

ಕನ್ನಡ ಕೇಳಿಸೋ ಗೇಮ್ ಬೇಕು ಅಂದ್ರೆ ನನಗೆ ಮನಸ್ಸಿಗೊಪ್ಪೋದು ಇನ್ನೂ ಸಿಕ್ಕಿಲ್ಲ. ಅದಕ್ಕೆ ನಾನು ಮಾಡೋದು, ವಾರಕ್ಕೆರಡು ದಿನ ಗೇಮ್ ಬದಲು ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತೆಗೆದು ಕನ್ನಡ ಕಥೆ ಓದೋದು, ಫ್ರೀ, ಮೌಸಲ್ಲಿ ಪುಟ ತಿರುಗಿಸೋ ಕೆಲಸ ಅವಳಿಗೆ. ಒಂದು ಕಥೆ, ಮುಗೀತು, ಎದ್ಳು. ಅವಳ ಲೆಕ್ಕದಲ್ಲಿ ಅದೂ ಗೇಮೇ.

ತಂಗಿಗೆ ಕೊನೆಗೆ ಹೇಳಿದ್ದು ಹೀಗೆ. ಅಳಿಯಂಗೆ ಮೂರು ವರ್ಷ, ಜಿಕೊಂಪ್ರಿ ಹಾಕಿ ಮೀನು ಮತ್ತೆ ಅಳಿಸೋ ಆಟ ಎರಡೇ ತೋರ್ಸು, ಮೌಸ್ ಕೈಗೆ ಹತ್ತಿದ ಮೇಲೆ ಟಕ್ಸ್ ಪೇಂಟ್. ಮೌಸ್ ಹಿಡಿಯೋ ತಾಳ್ಮೆನೇ ಇಲ್ಲ ಅಂದ್ರೆ ಎರಡು ತಿಂಗಳು ಬೇಬಿಸ್ಮ್ಯಾಶ್. ಪಟ್-ಪಟ್ ಮುಂದಿನ ದೀಪಾವಳಿಗೆ ನಾನೇ ಕೊಡಿಸ್ತೀನಿ. ಫೋನ್ ವಾಪಸ್ ತಗೊಂಡು ಬಲೂನ್ ಗೇಮ್ ಇವತ್ತೇ ತೆಗಿ, ಎರಡು ದಿನ ಅಳ್ತಾನೆ, ಅಳ್ಲಿ. "ಲ್ಯಾಪ್‌ಟಾಪ್ ಬ್ಯಾಟರಿ ನಿಲ್ಲಲ್ಲ, ಚಾರ್ಜರ್ ಹಾಕೇ ಇಡ್ಬೇಕು, ಪರವಾಗಿಲ್ವಾ?" ಅಂದ್ಳು. ಪರವಾಗಿಲ್ಲ, ಆದ್ರೆ ವೈರ್ ಗೋಡೆ ಕಡೆಯಿಂದ ತಗೋ, ಅವನು ಎಳೀತಾನೆ ಅಂದೆ.